ಸೋರಿದ ಪ್ಯಾಡ್ ತುಂಬಿರುವುದಿಲ್ಲ: ಚೆನ್ನಾಗಿ ಹೀರುವ ಸ್ಯಾನಿಟರಿ ಪ್ಯಾಡ್ ವಿನ್ಯಾಸ ಮಾಡುವುದು ಹೇಗೆ?

ಒಂದು ಪ್ಯಾಡ್ ತೆಗೆದುಕೊಳ್ಳಿ. ನಡುವೆ ಒಂದೇ ಜಾಗಕ್ಕೆ ಬಣ್ಣದ ದ್ರವವನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾ ಹೋಗಿ. ಬದಿಯಿಂದ ಸೋರಲು ಶುರುವಾದ ಕೂಡಲೇ ನಿಲ್ಲಿಸಿ, ಕತ್ತರಿಯಿಂದ ಉದ್ದಕ್ಕೆ ಸೀಳಿ ನೋಡಿ. ಹೆಚ್ಚಿನ ಸಲ ನಡುಭಾಗ ಮಾತ್ರ ತೊಯ್ದು ತೊಪ್ಪೆಯಾಗಿರುತ್ತದೆ. ಮುಂದಿನ ತುದಿ, ಹಿಂದಿನ ತುದಿ ಎರಡೂ ಬೆಳ್ಳಗೆ ಒಣಗಿಕೊಂಡೇ ಇರುತ್ತವೆ. ಅಂದರೆ ಪ್ಯಾಡ್ ತುಂಬಿ ಸೋರಲಿಲ್ಲ. ಜಾಗ ಖಾಲಿ ಇತ್ತು, ದ್ರವ ಅಲ್ಲಿಗೆ ಹೋಗಲಿಲ್ಲ.

ನಾನು ಮೊದಲ ಮಾದರಿ ಮಾಡಿದಾಗ ಇದು ನನಗೆ ಗೊತ್ತಿರಲಿಲ್ಲ. ಸೋರಿದರೆ ಇನ್ನೊಂದಿಷ್ಟು ಹತ್ತಿ ತುಂಬುವುದು, ಮತ್ತೆ ಸೋರಿದರೆ ಮತ್ತೊಂದಿಷ್ಟು. ಕೊನೆಗೆ ಅದು ಪ್ಯಾಡ್ ಹೋಗಿ ಪುಟ್ಟ ದಿಂಬಾಯಿತು. ಸೋರುವುದು ಮಾತ್ರ ನಿಲ್ಲಲಿಲ್ಲ.

ಪ್ಯಾಡಿಗೆ ಮೂರು ಕೆಲಸ ಇದೆ. ಬಿದ್ದದ್ದನ್ನು ಬೇಗ ಒಳಗೆ ತೆಗೆದುಕೊಳ್ಳಬೇಕು. ಒಳಗೆ ಬಂದದ್ದನ್ನು ಉದ್ದಕ್ಕೂ ಸಾಗಿಸಬೇಕು. ಕೂತು ಒತ್ತಿದರೂ ಬಿಟ್ಟುಕೊಡಬಾರದು. ತೊಂದರೆ ಏನೆಂದರೆ, ಬೇಗ ಒಳಗೆ ಬಿಡುವ ವಸ್ತು ಗಟ್ಟಿಯಾಗಿ ಹಿಡಿದಿಡುವುದಿಲ್ಲ. ಗಟ್ಟಿಯಾಗಿ ಹಿಡಿಯುವುದು ಬೇಗ ಒಳಗೆ ಬಿಡುವುದಿಲ್ಲ. ಅದಕ್ಕೇ ಒಂದೇ ವಸ್ತುವಿನಿಂದ ಒಳ್ಳೆ ಪ್ಯಾಡ್ ಆಗುವುದಿಲ್ಲ, ಪದರಗಳು ಬೇಕು. ಕಾಲೇಜಿನ ಪ್ರಾಜೆಕ್ಟ್ ಆಗಲಿ, ಸಣ್ಣ ಘಟಕ ಆಗಲಿ, ಮನೆಯಲ್ಲಿ ಹೊಲಿಯುವ ಬಟ್ಟೆ ಪ್ಯಾಡ್ ಆಗಲಿ, ಲೆಕ್ಕಾಚಾರ ಒಂದೇ.

ಹಂತ 1: ಎಂಥ ದ್ರವ, ಎಷ್ಟು ದ್ರವ

ಮುಟ್ಟಿನ ಸ್ರಾವ ಬರೀ ರಕ್ತ ಅಲ್ಲ. ಸರಾಸರಿ ಅರ್ಧದಷ್ಟು ಮಾತ್ರ ರಕ್ತ. ಉಳಿದದ್ದು ಗರ್ಭಕಂಠದ ಲೋಳೆ, ಯೋನಿಯ ಸ್ರಾವ, ಗರ್ಭಕೋಶದ ಒಳಪದರದ ಚೂರುಗಳು. ಒಮ್ಮೆ ತೆಳ್ಳಗಿರುತ್ತದೆ, ಒಮ್ಮೆ ಅಂಟಂಟು, ಒಮ್ಮೆ ಗಂಟುಗಂಟು. ನೀರನ್ನು ಗಟಗಟ ಹೀರುವ ಪ್ಯಾಡ್ ಇದರ ಮುಂದೆ ಸೋಲುವುದು ಇದಕ್ಕೇ.

ಪ್ರಮಾಣದ ಲೆಕ್ಕ ಮಾಡಿದರೆ ಆಶ್ಚರ್ಯ ಆಗುತ್ತದೆ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸರಾಸರಿ 30ರಿಂದ 40 ಮಿ.ಲೀ. ಅದು 80 ಮಿ.ಲೀ. ದಾಟಿದರೆ ವೈದ್ಯರು ಅತಿಸ್ರಾವ ಅನ್ನುತ್ತಾರೆ. ಲೋಳೆ ಎಲ್ಲ ಸೇರಿಸಿ ಒಟ್ಟು 80 ಮಿ.ಲೀ. ದ್ರವ ಅಂದುಕೊಳ್ಳೋಣ. 5 ದಿನ, ದಿನಕ್ಕೆ 4 ಪ್ಯಾಡ್. ಒಂದು ಪ್ಯಾಡಿಗೆ ಬಿದ್ದದ್ದು 4 ಮಿ.ಲೀ., ಒಂದು ಟೀ ಚಮಚಕ್ಕಿಂತ ಕಡಿಮೆ! ಇಷ್ಟಕ್ಕೆ ಸೋರುತ್ತದೆ ಅಂದರೆ ತಪ್ಪು ದಪ್ಪದಲ್ಲಿ ಇಲ್ಲ, ಅಲ್ವಾ?

ಆದರೆ ಸರಾಸರಿ ನಂಬಿ ಕೂತರೆ ಕೆಡುತ್ತೀರಿ. ಮೊದಲ ಎರಡು ದಿನದಲ್ಲೇ ಹೆಚ್ಚಿನ ಪಾಲು ಹೋಗುತ್ತದೆ. ತುಂಬಾ ಹೊತ್ತು ಕೂತಿದ್ದು, ಮಲಗಿದ್ದು ಎದ್ದಾಗ ಒಂದೇ ಸಲ ಬಳಕ್ಕನೆ ಬರುತ್ತದೆ. ಸೋರುವುದು ಆ ಗಳಿಗೆಯಲ್ಲಿ. ಹಾಗಾಗಿ ಎರಡು ಗುರಿ ಇಟ್ಟುಕೊಳ್ಳಿ: ಒಟ್ಟು ಎಷ್ಟು ಹಿಡಿಯಬೇಕು, ಒಂದೇ ಸಲಕ್ಕೆ ಎಷ್ಟು ನುಂಗಬೇಕು. ಹಗಲಿನ ಪ್ಯಾಡಿಗೆ ನಾನು ಇಟ್ಟುಕೊಳ್ಳುವ ಗುರಿ ಒಟ್ಟು 15 ಮಿ.ಲೀ., ಒಂದೇ ಸಲಕ್ಕೆ 5 ಮಿ.ಲೀ. ಎರಡರಲ್ಲಿ ಎರಡನೆಯದೇ ಕಷ್ಟ.

ಹಂತ 2: ಪ್ಯಾಡಿಗಿಂತ ಮೊದಲು ಪರೀಕ್ಷೆಯ ದ್ರವ

ಎಲ್ಲರೂ ಪ್ಯಾಡ್ ಮಾಡಿ ಆಮೇಲೆ ಪರೀಕ್ಷೆ ಬಗ್ಗೆ ಯೋಚಿಸುತ್ತಾರೆ. ನೀವು ಇದನ್ನು ತಿರುವುಮುರುವು ಮಾಡಿ. ಪರೀಕ್ಷೆ ಮೊದಲು ಸಿದ್ಧವಿದ್ದರೆ ಅಂಗಡಿಯ ಪ್ಯಾಡುಗಳನ್ನೇ ಅಳೆದು, ಮುಟ್ಟಬೇಕಾದ ಮಟ್ಟ ಯಾವುದು ಎಂದು ತಿಳಿದುಕೊಳ್ಳಬಹುದು.

ಜಾಹೀರಾತಿನ ನೀಲಿ ನೀರು ಬೇಡ. ಅದು ನೀರು, ಅಷ್ಟೇ. ಉದ್ಯಮದಲ್ಲೂ ತುಂಬಾ ಕಾಲ ನೀರು ಅಥವಾ ಉಪ್ಪುನೀರಿನಲ್ಲೇ ಪರೀಕ್ಷೆ ನಡೆಯುತ್ತಿತ್ತು. 2023ರಲ್ಲಿ ಅಮೆರಿಕದ ಒರೆಗಾನ್‌ನ ಸಂಶೋಧಕರು 21 ಬಗೆಯ ಮುಟ್ಟಿನ ಉತ್ಪನ್ನಗಳನ್ನು ಮನುಷ್ಯರ ರಕ್ತವನ್ನೇ ಬಳಸಿ ಅಳೆದು ಪ್ರಕಟಿಸಿದಾಗ ಅದು ದೊಡ್ಡ ಸುದ್ದಿಯಾಯಿತು. ಇಷ್ಟು ದಿನ ಯಾಕೆ ಮಾಡಿರಲಿಲ್ಲ ಅನ್ನುವುದೇ ಆ ಸುದ್ದಿಯ ಅರ್ಧ ಭಾಗ.

ಹಾಗಂತ ನೀವು ರಕ್ತ ತಂದು ಪರೀಕ್ಷೆ ಮಾಡಬೇಡಿ, ಸೋಂಕಿನ ಅಪಾಯ ಇದೆ. ಇದನ್ನು ಮಾಡಿಕೊಳ್ಳಿ: 600 ಗ್ರಾಂ ನೀರು, 400 ಗ್ರಾಂ ಗ್ಲಿಸರಿನ್, 9 ಗ್ರಾಂ ಉಪ್ಪು, ಒಂದೆರಡು ಹನಿ ತಿಂಡಿಗೆ ಹಾಕುವ ಬಣ್ಣ. ಇದರ ಮಂದತನ ನೀರಿನ ಮೂರೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಹೆಚ್ಚುಕಮ್ಮಿ ರಕ್ತದಷ್ಟೇ. ಇದರಲ್ಲೇ ಒಂದು ಬಾಟಲಿಗೆ ಚಿಟಿಕೆ ಸಿಎಂಸಿ ಪುಡಿ ಕಲಸಿ ಲೋಳೆಲೋಳೆಯಾದ ಎರಡನೇ ದ್ರವವನ್ನೂ ಇಟ್ಟುಕೊಳ್ಳಿ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಂತ ಅದರ ಪೂರ್ತಿ ಹೆಸರು. ಮೂರನೆಯದು ಬರೀ ಉಪ್ಪುನೀರು, 1 ಲೀಟರಿಗೆ 9 ಗ್ರಾಂ. ಇದು ದ್ರವ ಹೀರಿ ಜೆಲ್ ಆಗುವ ಪುಡಿಯ ಪರೀಕ್ಷೆಗೆ, ಆ ಪುಡಿಯ ಮಾತು ಹಂತ 6ರಲ್ಲಿ.

ಇನ್ನು ಬೇಕಾದದ್ದು 0.1 ಗ್ರಾಂವರೆಗೆ ತೋರಿಸುವ ತಕ್ಕಡಿ, ಸೂಜಿ ಇಲ್ಲದ 10 ಮಿ.ಲೀ. ಸಿರಿಂಜ್, ಸ್ಟಾಪ್‌ವಾಚ್, ಫಿಲ್ಟರ್ ಪೇಪರ್ ಮತ್ತು ಒಂದು ತೂಕ.

ಹಂತ 3: ಸಂದುಗಳ ನಿಯಮ

ಮುಂದಿನ ಎಲ್ಲ ಹಂತಗಳೂ ಇದರ ಮೇಲೆ ನಿಂತಿವೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದಲ್ಲ, ಪ್ಯಾಡಿನ ಒಳಗೂ ಅದೇ ನಡೆಯುವುದು. ನಾರುಗಳ ನಡುವಿನ ಸಂದು ದ್ರವವನ್ನು ಎಳೆಯುತ್ತದೆ. ಸಂದು ಕಿರಿದಾದಷ್ಟೂ ಎಳೆತದ ಬಲ ಜಾಸ್ತಿ. ಆದರೆ ಕಿರಿದಾದ ಸಂದಿನಲ್ಲಿ ಉಜ್ಜಾಟವೂ ಜಾಸ್ತಿ, ಹಾಗಾಗಿ ವೇಗ ಕಡಿಮೆ. ಅಗಲ ಸಂದು ಬೇಗ ನುಂಗುತ್ತದೆ, ಆದರೆ ಹಿಡಿತ ಸಡಿಲ.

ಒಂದು ಚಿಕ್ಕ ಪ್ರಯೋಗ ಮಾಡಿ. ಒದ್ದೆ ಸ್ಪಂಜಿನ ಮೇಲೆ ಒಣ ಟಿಶ್ಯೂ ಇಡಿ. ಟಿಶ್ಯೂ ನೀರನ್ನು ಎಳೆದುಕೊಳ್ಳುತ್ತದೆ. ಈಗ ಒದ್ದೆ ಟಿಶ್ಯೂ ಮೇಲೆ ಒಣ ಸ್ಪಂಜ್ ಇಡಿ. ಟಿಶ್ಯೂ ನೀರು ಬಿಟ್ಟುಕೊಡುವುದೇ ಇಲ್ಲ ಅನ್ನಬಹುದು. ದ್ರವ ಅಗಲ ಸಂದಿನಿಂದ ಕಿರಿದಾದ ಸಂದಿಗೆ ಖುಷಿಯಿಂದ ಹೋಗುತ್ತದೆ, ವಾಪಸ್ ಬರಲು ಒಪ್ಪುವುದಿಲ್ಲ. ಹಾಗಾದರೆ ಪ್ಯಾಡಿನ ಮೇಲ್ಪದರದಲ್ಲಿ ಅಗಲ ಸಂದು, ಕೆಳಗೆ ಹೋದಂತೆ ಕಿರಿದು. ಒಳ್ಳೆ ಪ್ಯಾಡಿನ ಗುಟ್ಟು ಬಹುಪಾಲು ಇಷ್ಟೇ.

ಇನ್ನೊಂದು ಮಾತು. ಬತ್ತಿಯಂತೆ ಹರಡುವ ದ್ರವ ದೂರ ಹೋದಂತೆ ಸುಸ್ತಾಗುತ್ತದೆ. ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಮೊದಲ 1 ಸೆಂ.ಮೀ. ಹೋಗಲು 10 ಸೆಕೆಂಡ್ ಹಿಡಿದರೆ 2 ಸೆಂ.ಮೀ. ತಲುಪಲು 40 ಸೆಕೆಂಡ್, 3 ಸೆಂ.ಮೀ. ತಲುಪಲು 90. ದ್ರವ ಮಂದವಾದರೆ ಇನ್ನೂ ನಿಧಾನ. ಈ ಸಂಬಂಧವನ್ನು ವಾಶ್‌ಬರ್ನ್ ಎಂಬ ವಿಜ್ಞಾನಿ 1921ರಲ್ಲೇ ಬರೆದಿಟ್ಟಿದ್ದಾರೆ. ಪ್ಯಾಡಿನ ತುದಿಗಳು ಯಾಕೆ ಒಣಗಿಯೇ ಇರುತ್ತವೆ ಎಂದು ಈಗ ಗೊತ್ತಾಯಿತಲ್ಲ?

ಹಂತ 4: ಮೇಲಿನ ಹಾಳೆ

ಮೈಗೆ ತಾಗುವ ಹಾಳೆ ಹೀರಬಾರದು, ದಾಟಿಸಬೇಕು. ಇಲ್ಲಿ ಎರಡು ದಾರಿ. ಒಂದು ಮೆತ್ತನೆಯ ನಾನ್‌ವೋವನ್, ಅಂದರೆ ನೇಯದೆ ನಾರುಗಳನ್ನು ಬೆಸೆದು ಮಾಡಿದ ಬಟ್ಟೆ. ಹೆಚ್ಚಾಗಿ ಪಾಲಿಪ್ರೊಪಿಲೀನ್ ನಾರಿನದ್ದು. ಈ ನಾರಿಗೆ ಸ್ವತಃ ನೀರು ಕಂಡರಾಗದು. ಅದಕ್ಕೇ ನೀರೊಲಿಸುವ ಲೇಪ ಹಚ್ಚಿರುತ್ತಾರೆ. ಕಳಪೆ ಲೇಪ ಮೊದಲ ಸಲ ಒದ್ದೆಯಾದಾಗಲೇ ತೊಳೆದು ಹೋಗುತ್ತದೆ, ಎರಡನೇ ಸಲ ದ್ರವ ಮೇಲೇ ನಿಲ್ಲುತ್ತದೆ. ಕೊಳ್ಳುವಾಗ ಒಂದೇ ಜಾಗಕ್ಕೆ ಮೂರು ಸಲ ಹನಿ ಹಾಕಿ ನೋಡಿ.

ಇನ್ನೊಂದು ತೂತುಗಳಿರುವ ಪ್ಲಾಸ್ಟಿಕ್ ಹಾಳೆ. ತೂತು ಆಲಿಕೆಯಂತೆ ಮೇಲೆ ಅಗಲ, ಕೆಳಗೆ ಕಿರಿದು. ಒಣ ಅನುಭವ ಇದರಲ್ಲೇ ಜಾಸ್ತಿ. ಆದರೆ ಬೆವರಿಗೆ ಅಂಟಿಕೊಳ್ಳುತ್ತದೆ, ಕೆಲವರಿಗೆ ಉರಿ, ಕೆರೆತ. ನನ್ನ ಆಯ್ಕೆ ನಾನ್‌ವೋವನ್. ಹತ್ತಿ ಹಾಳೆ ಮೈಗೆ ಹಿತ, ಆದರೆ ತಾನೇ ಒದ್ದೆ ಹಿಡಿದುಕೊಳ್ಳುತ್ತದೆ. ಸುವಾಸನೆ ಮಾತ್ರ ಯಾವ ಪದರಕ್ಕೂ ಬೇಡ.

ಹಂತ 5: ಮನೆಯಲ್ಲಿ ಮಾಡುವವರು ಮರೆಯುವ ಪದರ

ಮೇಲಿನ ಹಾಳೆಗೂ ಒಳಗಿನ ತಿರುಳಿಗೂ ನಡುವೆ ಒಂದು ಉಬ್ಬಿದ, ಸಡಿಲ ಪದರ ಬೇಕು. ಉದ್ಯಮದವರು ಇದನ್ನು ಎಡಿಎಲ್ ಅನ್ನುತ್ತಾರೆ. ಬಳಕ್ಕನೆ ಬಂದ 5 ಮಿ.ಲೀ. ದ್ರವವನ್ನು ತಿರುಳು ಒಂದೇ ಕ್ಷಣದಲ್ಲಿ ಹೀರಲಾರದು. ಅಲ್ಲಿವರೆಗೆ ಆ ದ್ರವಕ್ಕೆ ನಿಲ್ಲಲು ಒಂದು ಜಗಲಿ ಬೇಕು. ಅದೇ ಈ ಪದರ. ನಿಂತಲ್ಲೇ ಉದ್ದಕ್ಕೂ ಹರಡುವ ಕೆಲಸವನ್ನೂ ಇದೇ ಮಾಡುತ್ತದೆ.

ಇದಕ್ಕೆ ಪಾಲಿಯೆಸ್ಟರ್‌ನಂಥ ಸ್ಪ್ರಿಂಗ್ ಇರುವ ನಾರು ಬೇಕು. ಒದ್ದೆಯಾದರೂ, ಒತ್ತಿದರೂ ಮತ್ತೆ ಏಳಬೇಕು. ಹತ್ತಿ ಇಲ್ಲಿ ಪೂರ್ತಿ ನಿರುಪಯೋಗಿ. ಒದ್ದೆಯಾದರೆ ಅದು ಚಪ್ಪಟೆಯಾಗಿ ಕೂರುತ್ತದೆ. ಚದರ ಮೀಟರಿಗೆ 40ರಿಂದ 60 ಗ್ರಾಂ ತೂಗುವ ಪದರ ಸಾಕು. ಪ್ಯಾಡಿನ ಇಡೀ ಅಗಲಕ್ಕೆ ಹಾಕಬೇಡಿ, ದ್ರವವನ್ನು ಅದೇ ಅಂಚಿಗೆ ಕರೆದೊಯ್ಯುತ್ತದೆ. ನಡುವೆ ಉದ್ದನೆಯ ಪಟ್ಟಿಯಾಗಿ ಹಾಕಿ.

ಹಾಗೇ, ಪದರಗಳು ಒಂದಕ್ಕೊಂದು ತಾಗಿರಬೇಕು. ನಡುವೆ ಗಾಳಿ ನಿಂತರೆ ಎಳೆತ ಅಲ್ಲಿಗೇ ಕಡಿದುಹೋಗುತ್ತದೆ. ಅಂಟು ಹಾಕಿ, ಆದರೆ ಬಳಿಯಬೇಡಿ. ಹನಿ ಹನಿಯಾಗಿ ಅಥವಾ ತೆಳ್ಳನೆ ಗೆರೆಯಾಗಿ ಸಾಕು. ನನ್ನ ಎರಡನೇ ಮಾದರಿ ಕೆಟ್ಟದ್ದೇ ಜಾಸ್ತಿ ಅಂಟಿನಿಂದ.

ಹಂತ 6: ತಿರುಳು

ಹೆಚ್ಚಿನ ಪ್ಯಾಡುಗಳ ಒಳಗೆ ಇರುವುದು ಹತ್ತಿ ಅಲ್ಲ, ಫ್ಲಫ್ ಪಲ್ಪ್. ಪೈನ್‌ನಂಥ ಮರದ ನಾರನ್ನು ಬಿಡಿಸಿ ನಯ ಮಾಡಿದ್ದು. ಮೊದಲನೇ ಮಹಾಯುದ್ಧದಲ್ಲಿ ಗಾಯಕ್ಕೆ ಕಟ್ಟಲು ಮರದ ತಿರುಳಿನ ಪಟ್ಟಿ ಬಂದಿತ್ತು. ನರ್ಸುಗಳು ಅದನ್ನೇ ಮುಟ್ಟಿಗೆ ಬಳಸಿದರು. ಯುದ್ಧ ಮುಗಿದ ಮೇಲೆ ಕೋಟೆಕ್ಸ್ ಪ್ಯಾಡ್ ಹುಟ್ಟಿದ್ದು ಅದರಿಂದಲೇ. ಕಡಿಮೆ ಬೆಲೆಯ ಪ್ಯಾಡ್ ಮಾಡುವ ಯಂತ್ರ ಕಟ್ಟಿದ ತಮಿಳುನಾಡಿನ ಅರುಣಾಚಲಂ ಮುರುಗನಾಥಂ ಕೂಡ ಮೊದಲು ಹತ್ತಿಯಲ್ಲೇ ಎಡವಿದ್ದರು. ಕಂಪನಿಗಳು ಬಳಸುವುದು ಮರದ ಸೆಲ್ಯುಲೋಸ್ ಎಂದು ತಿಳಿಯಲು ಅವರಿಗೆ ವರ್ಷಗಳೇ ಹಿಡಿದವು.

ಹತ್ತಿಯೇ ಬೇಕೆನ್ನುವವರು ಗಮನಿಸಿ: ಹಸಿ ಹತ್ತಿಯ ನಾರಿನ ಮೇಲೆ ಮೇಣ ಇರುತ್ತದೆ, ಅದು ನೀರಿನ ಮೇಲೆ ತೇಲುತ್ತದೆ. ಕ್ಷಾರದಲ್ಲಿ ಕುದಿಸಿ, ಬಿಳುಪು ಮಾಡಿದ ಸರ್ಜಿಕಲ್ ಹತ್ತಿ ಮಾತ್ರ ಹೀರುತ್ತದೆ.

ತಿರುಳನ್ನು ಎಷ್ಟು ಒತ್ತಬೇಕು ಅನ್ನುವುದೇ ಇಲ್ಲಿ ದೊಡ್ಡ ಆಟ. ಒತ್ತದೆ ಬಿಟ್ಟರೆ ನಡೆಯುವಾಗ ಮುದ್ದೆಯಾಗಿ ನಡುವೆ ಸೀಳುತ್ತದೆ. ಸೀಳಿದ ಜಾಗದಿಂದ ದ್ರವ ಆಚೆ ದಾಟುವುದಿಲ್ಲ. ತುಂಬಾ ಒತ್ತಿದರೆ ಸಂದುಗಳು ಮುಚ್ಚಿ ಹಲಗೆಯಾಗುತ್ತದೆ. ಒಂದೇ ತೂಕದ ತಿರುಳನ್ನು ಮೂರು ದಪ್ಪಕ್ಕೆ ಒತ್ತಿ, ಮೂರನ್ನೂ ಅಳೆದು ನೋಡಿ. ಸಾಮಾನ್ಯವಾಗಿ ನಡುವಿನದ್ದು ಗೆಲ್ಲುತ್ತದೆ. ಎರಡು ಪದರ ಮಾಡಬಲ್ಲಿರಾದರೆ ಮೇಲಿನದ್ದು ಸಡಿಲ, ಕೆಳಗಿನದ್ದು ಬಿಗಿ ಇರಲಿ. ಅದೇ ಸಂದುಗಳ ನಿಯಮ.

ಪ್ಯಾಡಿನ ಮೇಲೆ ಹೂವು, ಬಳ್ಳಿಯಂತೆ ಗೆರೆ ಒತ್ತಿರುತ್ತಾರಲ್ಲ, ಅದು ಬರೀ ಅಂದಕ್ಕಲ್ಲ. ಗೆರೆಯ ಕೆಳಗೆ ತಿರುಳು ಬಿಗಿಯಾಗಿರುತ್ತದೆ, ಸಂದು ಕಿರಿದಾಗಿರುತ್ತದೆ. ದ್ರವ ಆ ಗೆರೆ ಹಿಡಿದು ಉದ್ದಕ್ಕೆ ಸಾಗುತ್ತದೆ. ಹಾಗಾಗಿ ನಡುವೆ ಎರಡು ಉದ್ದ ಗೆರೆ ಒತ್ತಿ. ಗೆರೆ ಪ್ಯಾಡಿನ ಅಂಚನ್ನು ಮುಟ್ಟಬಾರದು. ಮುಟ್ಟಿದರೆ ನೀವೇ ಕಾಲುವೆ ತೋಡಿ ಹೊರಗೆ ಬಿಟ್ಟ ಹಾಗಾಯಿತು.

ಈಗ ಜೆಲ್ ಪುಡಿ. ಉದ್ಯಮದ ಭಾಷೆಯಲ್ಲಿ ಎಸ್‌ಎಪಿ, ಹೆಚ್ಚಾಗಿ ಸೋಡಿಯಂ ಪಾಲಿಅಕ್ರಿಲೇಟ್. ಒಂದಕ್ಕೊಂದು ಹೆಣೆದ ಉದ್ದ ಸರಪಳಿಗಳ ಬಲೆ ಅದು. ಬಲೆಯೊಳಗೆ ಸೋಡಿಯಂ ತುಂಬಿರುವುದರಿಂದ ನೀರು ಒಳಗೆ ನುಗ್ಗುತ್ತದೆ, ಪುಡಿ ಉಬ್ಬಿ ಜೆಲ್ ಆಗುತ್ತದೆ. ಒತ್ತಿದರೂ ಬಿಡುವುದಿಲ್ಲ, ಅದೇ ಅದರ ಹಿರಿಮೆ. ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಡಬ್ಬಿಯ ಮೇಲೆ ಬರೆಯುವುದು ಆ ಸಂಖ್ಯೆಯನ್ನೇ. ಉಪ್ಪುನೀರು ಕೊಟ್ಟರೆ ಸುಮಾರು 30ರಿಂದ 50 ಪಟ್ಟಿಗೆ ಇಳಿಯುತ್ತದೆ. ಹೊರಗೂ ಉಪ್ಪಿದ್ದರೆ ಒಳಗೆ ಎಳೆಯುವ ಬಲ ಕುಗ್ಗುತ್ತದೆ.

ರಕ್ತದಲ್ಲಿ ಇನ್ನೂ ಕಡಿಮೆ. ಕೆಂಪು ರಕ್ತಕಣ ಸುಮಾರು 7ರಿಂದ 8 ಮೈಕ್ರಾನ್ ಅಗಲ, ಅದು ಬಲೆಯೊಳಗೆ ಹೋಗಲಾರದು. ಪ್ರೋಟೀನ್ ಪುಡಿಯ ಮೈಗೆ ಮೆತ್ತಿಕೊಳ್ಳುತ್ತದೆ. ಜೆಲ್ ನೀರನ್ನಷ್ಟೇ ಕುಡಿದು ದಪ್ಪ ಕೆಸರನ್ನು ಹೊರಗೆ ಬಿಡುತ್ತದೆ. ಅದಕ್ಕೇ ಬೇರೆ ಹುಡುಕಾಟ ನಡೆದಿದೆ. 2024ರಲ್ಲಿ ವರ್ಜೀನಿಯಾ ಟೆಕ್‌ನ ಸಂಶೋಧಕರು ಕಡಲಪಾಚಿಯಿಂದ ಸಿಗುವ ಆಲ್ಜಿನೇಟ್ ಮತ್ತು ಗ್ಲಿಸರಾಲ್ ಸೇರಿಸಿ ರಕ್ತವನ್ನು ಜೆಲ್ ಮಾಡುವ ಪುಡಿಯೊಂದನ್ನು ತೋರಿಸಿದರು.

ಲೆಕ್ಕ ಹೀಗೆ: ಅರ್ಧ ಗ್ರಾಂ ಪುಡಿ, 30 ಪಟ್ಟು ಅಂದರೆ 15 ಮಿ.ಲೀ. ಉಪ್ಪುನೀರು. ಜಾಸ್ತಿ ಹಾಕಿದರೆ ಒಳ್ಳೆಯದಲ್ಲವೇ ಅನ್ನಿಸುತ್ತದೆ. ಅಲ್ಲ. ಉಬ್ಬಿದ ಕಣಗಳು ಒಂದಕ್ಕೊಂದು ಅಂಟಿ ಗೋಡೆ ಕಟ್ಟುತ್ತವೆ. ಗೋಡೆಯ ಆಚೆ ಒಣ ತಿರುಳು, ಈಚೆ ನಿಂತ ದ್ರವ. ಪುಡಿಯನ್ನು ತಿರುಳಿನ ಕೆಳಗಿನ ಅರ್ಧದಲ್ಲಿ ನಾರಿನ ಜೊತೆ ಕಲಸಿ ಹರಡಿ. ದ್ರವ ಬೀಳುವ ಜಾಗದ ನೇರ ಕೆಳಗೆ ಕಡಿಮೆ, ಮುಂದಕ್ಕೆ ಹಿಂದಕ್ಕೆ ಜಾಸ್ತಿ. ಪುಡಿ ಹೊರಗೆ ಉದುರದಂತೆ ತಿರುಳನ್ನು ಟಿಶ್ಯೂವಿನಲ್ಲಿ ಸುತ್ತಿ. ಕೆಲಸ ಮಾಡುವಾಗ ಮಾಸ್ಕ್ ಹಾಕಿ, ಅದರ ದೂಳು ಮೂಗಿಗೆ ಒಳ್ಳೆಯದಲ್ಲ.

ಹಂತ 7: ಹಿಂಬದಿ, ಅಂಚು, ಆಕಾರ

ಹಿಂಬದಿಗೆ ತೆಳ್ಳನೆ ಪಾಲಿಎಥಿಲೀನ್ ಹಾಳೆ. ಆವಿ ದಾಟಿಸುವ ಬಗೆಯದ್ದು ಸಿಕ್ಕರೆ ಅದೇ ಇರಲಿ, ಸೆಕೆ ಕಡಿಮೆ. ತಿರುಳು ಅಂಚಿನವರೆಗೂ ಬರಬಾರದು, ಸುತ್ತಲೂ ಮೇಲಿನ ಹಾಳೆ ಮತ್ತು ಹಿಂಬದಿ ಹಾಳೆ ಬೆಸೆಯಲು ಜಾಗ ಬಿಡಿ.

ಆಕಾರದ ಬಗ್ಗೆ ಒಂದು ಮಾತು. ಮೇಜಿನ ಮೇಲೆ ಪ್ಯಾಡ್ ಚಪ್ಪಟೆ. ತೊಡೆಗಳ ನಡುವೆ ಅದು ಮುದುಡುತ್ತದೆ. ಹೇಗೂ ಮುದುಡುತ್ತದೆ ಅಂದಮೇಲೆ ಎಲ್ಲಿ ಮಡಚಬೇಕು ಎಂದು ನೀವೇ ಹೇಳಿಕೊಡಿ. ನಾವು ಒತ್ತಿದ ಆ ಎರಡು ಉದ್ದ ಗೆರೆಗಳೇ ಮಡಿಕೆಯೂ ಆಗುತ್ತವೆ. ನಡುಭಾಗ ಮೈಯ ಕಡೆಗೆ ಉಬ್ಬಿ, ಬದಿಗಳು ಕೆಳಗೆ ಬಾಗಬೇಕು. ವಿಂಗ್ಸ್ ಹೀರುವುದಕ್ಕಲ್ಲ, ಪ್ಯಾಡ್ ಜಾರದಂತೆ ಹಿಡಿಯುವುದಕ್ಕೆ. ರಾತ್ರಿಯ ಪ್ಯಾಡಿಗೆ ಹಿಂಭಾಗ ಉದ್ದ ಮತ್ತು ಅಗಲ ಬೇಕು, ಮಲಗಿದಾಗ ದ್ರವ ಹಿಂದಕ್ಕೆ ಹರಿಯುತ್ತದೆ.

ಬಟ್ಟೆ ಪ್ಯಾಡ್ ಹೊಲಿಯುವವರಿಗೆ

ನಿಯಮ ಅದೇ, ವಸ್ತು ಬೇರೆ. ಮೇಲೆ ತೆಳು ಹತ್ತಿ ಫ್ಲಾನೆಲ್, ನಡುವೆ ಟೆರ್ರಿ ಅಂದರೆ ಟವೆಲ್ ಬಟ್ಟೆ, ಅದರ ಕೆಳಗೆ ಬಿಗಿ ನೇಯ್ಗೆಯ ಹತ್ತಿಯ ಎರಡು ಮೂರು ಪದರ, ಕೊನೆಗೆ ಪಿಯುಎಲ್ ಎಂಬ ನೀರು ದಾಟಿಸದ ಬಟ್ಟೆ. ಮೈಕ್ರೋಫೈಬರ್ ಬೇಗ ಹೀರುತ್ತದೆ, ಒತ್ತಿದರೆ ಅಷ್ಟೇ ಬೇಗ ಕಾರುತ್ತದೆ. ಬಳಸುವುದಾದರೆ ಮೇಲಿನ ಭಾಗದಲ್ಲಿ ಮಾತ್ರ, ಅದೂ ಮೈಗೆ ತಾಗದಂತೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಮೂರು ನಾಲ್ಕು ಸಲ ಒಗೆದು ಆಮೇಲೆ ಅಳೆಯಿರಿ, ಇಲ್ಲದಿದ್ದರೆ ಒಳ್ಳೆ ಬಟ್ಟೆಯನ್ನೇ ಸುಮ್ನೆ ಬೈಯುತ್ತೀರಿ. ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ, ಅದು ನಾರಿಗೆ ಲೇಪ ಹಚ್ಚಿ ಹೀರುವ ಗುಣ ಕೆಡಿಸುತ್ತದೆ. ನಡುಭಾಗದಲ್ಲಿ ಅಡ್ಡ ಹೊಲಿಗೆ ಬೇಡ. ಸೂಜಿಯ ತೂತು ಪಿಯುಎಲ್ ದಾಟಿದರೆ ದ್ರವವೂ ದಾಟುತ್ತದೆ.

ಹಂತ 8: ಮೂರು ಪರೀಕ್ಷೆ

ಮೊದಲನೆಯದು ನುಂಗುವ ವೇಗ. ಸಿರಿಂಜಿನಿಂದ 5 ಮಿ.ಲೀ. ಗ್ಲಿಸರಿನ್ ದ್ರವವನ್ನು ನಡುವೆ ಬಿಡಿ. ಮೇಲಿನ ಹೊಳಪು ಮಾಯವಾಗುವವರೆಗೆ ಎಷ್ಟು ಸೆಕೆಂಡ್ ಎಂದು ಬರೆದುಕೊಳ್ಳಿ. 10 ನಿಮಿಷ ಬಿಟ್ಟು ಅದೇ ಜಾಗಕ್ಕೆ ಮತ್ತೆ 5, ಮತ್ತೆ 10 ನಿಮಿಷ ಬಿಟ್ಟು ಇನ್ನೊಂದು 5. ಮೊದಲನೇ ಸಂಖ್ಯೆ ನೋಡಿ ಹಿಗ್ಗಬೇಡಿ. ಒಣ ಪ್ಯಾಡ್ ಯಾವುದಾದರೂ ಹೀರುತ್ತದೆ. ಮೂರನೆಯ ಸಂಖ್ಯೆಯೇ ನಿಮ್ಮ ವಿನ್ಯಾಸದ ಬಂಡವಾಳ ತೋರಿಸುವುದು.

ಎರಡನೆಯದು ವಾಪಸ್ ಒದ್ದೆ. 10 ಮಿ.ಲೀ. ಹಾಕಿದ ಪ್ಯಾಡಿನ ಮೇಲೆ ತೂಕ ಮಾಡಿದ ಒಣ ಫಿಲ್ಟರ್ ಪೇಪರ್ ಕಟ್ಟು ಇಡಿ. ಅದರ ಮೇಲೆ ಚದರ ಸೆಂ.ಮೀ.ಗೆ ಸುಮಾರು 35 ಗ್ರಾಂ ಬೀಳುವಂತೆ ಭಾರ ಇಡಿ. ಕಾಗದ 5 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದ ಇದ್ದರೆ 1.75 ಕಿಲೋ. ಎರಡು ನಿಮಿಷ ಬಿಟ್ಟು ಕಾಗದವನ್ನು ಮತ್ತೆ ತೂಗಿ. ಹೆಚ್ಚಿದ ತೂಕವೇ ಮೈಗೆ ವಾಪಸ್ ಬರುವ ಒದ್ದೆ. ಮೇಲಿನ ಹಾಳೆ ಅಥವಾ ಜೆಲ್ ಬದಲಿಸಿದಾಗ ಈ ಸಂಖ್ಯೆ ಕೂಡಲೇ ಅಲುಗಾಡುತ್ತದೆ.

ಮೂರನೆಯದಕ್ಕೆ ಉಪಕರಣ ಬೇಡ. ಪ್ಯಾಡನ್ನು ಸೀಳಿ, ಬಣ್ಣ ಎಲ್ಲಿಯವರೆಗೆ ಹೋಗಿದೆ ಎಂದು ಸ್ಕೇಲ್ ಹಿಡಿದು ಅಳೆಯಿರಿ. ಉದ್ದದ ಅಳತೆ ಹೆಚ್ಚಬೇಕು, ಅಗಲದ್ದು ಹೆಚ್ಚಬಾರದು. ಲೋಳೆ ದ್ರವದಲ್ಲೂ ಮೂರನ್ನೂ ಒಮ್ಮೆ ಮಾಡಿ. ಸಂಖ್ಯೆ ನೋಡಿ ಬೇಜಾರಾಗುತ್ತದೆ, ಆದರೂ ಮಾಡಿ. ಪ್ರತಿ ಪರೀಕ್ಷೆಗೆ ಒಂದೇ ಬಗೆಯ ಕನಿಷ್ಠ 5 ಪ್ಯಾಡ್ ಬೇಕು. ಕೈಯಲ್ಲಿ ಮಾಡಿದ ಎರಡು ಪ್ಯಾಡ್ ಎಂದೂ ಒಂದೇ ತರ ಇರುವುದಿಲ್ಲ.

ಹಂತ 9: ಬಳಸಿ ನೋಡುವುದು

ಒಪ್ಪಿಗೆ ಕೊಟ್ಟವರಿಗೆ ಮಾತ್ರ ಕೊಡಿ. ಒಳಗೆ ಏನೇನಿದೆ ಎಂದು ಮೊದಲೇ ಹೇಳಿ. ಮಾರುವ ಯೋಚನೆ ಇದ್ದರೆ ನಿಮ್ಮಲ್ಲಿನ ಗುಣಮಟ್ಟದ ನಿಯಮ, ಸ್ವಚ್ಛತೆಯ ಪರೀಕ್ಷೆ ಎಲ್ಲ ಮುಗಿದ ಮೇಲೆಯೇ ಈ ಹಂತ. ಎಷ್ಟೇ ಹೀರುವ ಪ್ಯಾಡ್ ಆದರೂ 4ರಿಂದ 8 ಗಂಟೆಯೊಳಗೆ ಬದಲಿಸಲು ತಿಳಿಸಿ. ಗಂಟೆಗೊಂದು ಪ್ಯಾಡ್ ತುಂಬುತ್ತಿದೆ ಎಂದು ಯಾರಾದರೂ ಹೇಳಿದರೆ ಅದು ವಿನ್ಯಾಸದ ಮಾತಲ್ಲ, ಅವರು ವೈದ್ಯರನ್ನು ಕಾಣಬೇಕು.

"ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಅನ್ನುತ್ತಾರೆ. ಅದರಿಂದ ಏನೂ ಉಪಯೋಗ ಇಲ್ಲ. ಕಲೆ ಎಲ್ಲಿ ಆಯಿತು ಎಂದು ಕೇಳಿ, ಚಿತ್ರ ಬರೆದು ಗುರುತು ಹಾಕಿಸಿ. ಬದಿಯಲ್ಲಿ ಕಲೆ, ತುದಿ ಒಣ: ಹರಡುವ ಪದರ ಸೋತಿದೆ, ಅಥವಾ ಪ್ಯಾಡ್ ತಪ್ಪು ಜಾಗದಲ್ಲಿ ಮಡಚಿದೆ. ಎದ್ದ ತಕ್ಷಣ ಸೋರಿತು: ನುಂಗುವ ವೇಗ ಸಾಲದು. ಸೋರಲಿಲ್ಲ, ಆದರೆ ಇಡೀ ದಿನ ಹಸಿಹಸಿ: ಮೇಲಿನ ಹಾಳೆ ನೋಡಿ, ಜೆಲ್ ಸ್ವಲ್ಪ ಹೆಚ್ಚಿಸಿ. ಹಿಂದೆ ಕಲೆ: ಉದ್ದ ಸಾಲದು. ಮುದ್ದೆಯಾಯಿತು: ತಿರುಳು ಸಡಿಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮತ್ತೆ ಪ್ರತಿ ಮಾದರಿಯ ಹಿಂಬದಿಗೆ ಪೆನ್ನಿನಲ್ಲಿ ನಂಬರ್ ಬರೆಯಿರಿ, ಅದೇ ನಂಬರಿನ ಮುಂದೆ ಪುಸ್ತಕದಲ್ಲಿ ಎಲ್ಲ ಪದರದ ತೂಕ. ನಾನು ಮಾಡಿದ ಅತ್ಯುತ್ತಮ ಪ್ಯಾಡ್ ಮೂರನೇ ಸುತ್ತಿನ 5 ಮಿ.ಲೀ.ಯನ್ನೂ ಕಣ್ಣೆದುರೇ ನುಂಗಿತ್ತು. ಅದರ ಹಿಂದೆ ನಂಬರ್ ಇರಲಿಲ್ಲ.